ಬೀದರಿನ ಮಂದಿಗೆ ನಾಟಕ ಬೇಡವಂತೆ

"ಬೀದರದಾಗ ನಾಟಕಕ್ಕ ಮಂದಿ ಬರಲ್ರಿ."

ಈ ಮಾತನ್ನು ಸಂಘಟಕರ ಬಾಯಲ್ಲಿ ಕೇಳಿದ್ದೇನೆ, ಕಾಲೇಜು ಅಧ್ಯಾಪಕರ ಬಾಯಲ್ಲಿ ಕೇಳಿದ್ದೇನೆ, ಬೆಂಗಳೂರು ಮೈಸೂರಿನಿಂದ ಬಂದು ಖಾಲಿ ಕುರ್ಚಿಗಳೆದುರು ಆಡಿ ಹೋದ ಕಲಾವಿದರ ಬಾಯಲ್ಲೂ ಕೇಳಿದ್ದೇನೆ. ಬೆನ್ನಿಗೇ ಕಾರಣಗಳೂ ಬರುತ್ತವೆ. ಇದು ಗಡಿ ಸೀಮೆ, ಹಳ್ಳಿಗಳಲ್ಲಿ ಮರಾಠಿ, ಪೇಟೆಯಲ್ಲಿ ಉರ್ದು, ಎಲ್ಲೆಡೆ ಬಡತನ, ಮನೆಗೊಂದು ಟಿವಿ, ಕೈಗೊಂದು ಮೊಬೈಲು. ಇಲ್ಲಿಯವರಿಗೆ ರಂಗಭೂಮಿಯ ಸಂಸ್ಕಾರವಿಲ್ಲ. ಹಾಡು ಕುಣಿತ ಇದ್ದರೆ ಒಂದಿಷ್ಟು ಜನ ಸೇರುತ್ತಾರೆ, ಅದೂ ಪುಕ್ಕಟೆ ಮನರಂಜನೆ ಅಂತ. ಇಷ್ಟು ಹೇಳಿದರೆ ಸಾಕು, ಕೇಳಿದವರೆಲ್ಲ ಹೌದೆಂದು ತಲೆಯಾಡಿಸುತ್ತಾರೆ. ನಮ್ಮ ಜಿಲ್ಲೆಯವರೇ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಾರೆ ಎಂಬುದು ನನಗೆ ಹೆಚ್ಚು ನೋವು ಕೊಡುವ ಸಂಗತಿ.

ಈ ಮಾತು ಸುಳ್ಳು. ಬಂದ ಮಂದಿಯನ್ನು ಎಬ್ಬಿಸಿ ಮನೆಗೆ ಕಳಿಸಿದವರೇ, ಮಂದಿ ಬರಲಿಲ್ಲ ಎಂದು ಹೇಳುತ್ತಿದ್ದಾರೆ.

ನಾಟಕದ ಸಂಸ್ಕಾರ ಇದೆಯೋ ಇಲ್ಲವೋ ನೋಡಬೇಕೆಂದರೆ ನಗರದ ಸಭಾಂಗಣ ಬಿಟ್ಟು ಹಳ್ಳಿಗೆ ಹೋಗಬೇಕು. ಭಾಲ್ಕಿ, ಔರಾದ್ ಕಡೆಯ ಊರುಗಳಲ್ಲಿ ಜಾತ್ರೆಗೆ ಊರವರೇ ನಾಟಕ ಆಡುವ ರೂಢಿ ಇತ್ತು, ಅಲ್ಲಲ್ಲಿ ಇಂದಿಗೂ ಇದೆ. ಪಟ್ಟಿ ಎತ್ತಿ ರೊಕ್ಕ ಕೂಡಿಸುತ್ತಾರೆ. ಪೇಟಿ ಮಾಸ್ತರರನ್ನು ಕರೆಸಿ ಇಟ್ಟುಕೊಂಡು, ಹೊಲದ ಕೆಲಸ ಮುಗಿಸಿ ಬಂದು, ಗುಡಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ರಾತ್ರಿ ರಾತ್ರಿ ತಾಲೀಮು ಮಾಡುತ್ತಾರೆ. ಪರದೆ, ಉಡುಪು, ಲೈಟು ಬಾಡಿಗೆಗೆ ಬರುತ್ತವೆ. ಹೆಣ್ಣಿನ ಪಾತ್ರಕ್ಕೆ ದೂರದ ಊರುಗಳಿಂದ ಕಲಾವಿದೆಯರು ಬರುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ನಾಯಕನಿಂದ ಹಿಡಿದು ಚಹಾ ಕೊಡಿಸಿದವನವರೆಗೆ ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ಊಟ ಮಾಡಿ ಮಕ್ಕಳನ್ನು ಕಟ್ಟಿಕೊಂಡು, ಹಾಸಿಕೊಳ್ಳಲು ಕೌದಿ ಹಿಡಿದು ಬಂದ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಹಾಡು ಮೆಚ್ಚುಗೆಯಾದರೆ ರಂಗದ ಮೇಲೇ ಹತ್ತಿ ಅಂಗಿಗೆ ನೋಟು ಚುಚ್ಚುತ್ತಾರೆ. ಒಂದು ರಾತ್ರಿಯ ಆಟಕ್ಕಾಗಿ ಇಷ್ಟು ನಿದ್ದೆಗೆಡುವ, ಇಷ್ಟು ಕೈಯಿಂದ ಹಾಕುವ ಜನಕ್ಕೆ ನಾಟಕ ಬೇಡ ಎಂದು ಹೇಳಲು ಬಾಯಾದರೂ ಹೇಗೆ ಬರುತ್ತದೆ?

ಹಾಡಿನ ಮಾತು ಹೇಳಲೇಬೇಕಿಲ್ಲ. ಮೊಹರಂ ಬಂದರೆ ಅಲಾಯಿಯ ಸುತ್ತ ಹಿಂದೂ ಮುಸಲ್ಮಾನರು ಕೂಡಿ ಹಾಡುತ್ತಾರೆ. ಸೀಗಿ ಹುಣ್ಣಿಮೆಗೆ ಹೆಣ್ಣುಮಕ್ಕಳ ಭುಲಾಯಿ ಪದ. ವಿಠ್ಠಲನ ಗುಡಿ ಇದ್ದಲ್ಲಿ ಸಪ್ತಾಹ, ಮಠ ಇದ್ದಲ್ಲಿ ಭಜನೆ, ತತ್ವಪದ. ಔರಾದಿನ ತಾಂಡಾಗಳಲ್ಲಿ ಲಂಬಾಣಿ ಹಾಡು. ಹುಮನಾಬಾದಿನ ಮಾಣಿಕನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಮಾಣಿಕಪ್ರಭುಗಳು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದ ಕಟ್ಟಿದರು. ದೇಶದ ದೊಡ್ಡ ದೊಡ್ಡ ಗಾಯಕರು ಅಲ್ಲಿಯ ಸಂಗೀತ ದರ್ಬಾರಿನಲ್ಲಿ ಹಾಡಿ ಹೋಗಿದ್ದಾರೆ. ಈ ಮಣ್ಣಿನಲ್ಲಿ ಹಾಡು ಕೇಳುವ ಕಿವಿ ಇಲ್ಲ ಎನ್ನುವವರು ಈ ಮಣ್ಣಿನಲ್ಲಿ ಒಂದು ರಾತ್ರಿಯೂ ಎಚ್ಚರಿದ್ದಿಲ್ಲ.

ಇನ್ನು ಗಡಿಯ ಮಾತು. ಮರಾಠಿ ನೆರೆಯಲ್ಲಿರುವುದರಿಂದ ನಮಗೆ ಕನ್ನಡ ನಾಟಕ ದಕ್ಕುವುದಿಲ್ಲ ಎಂಬ ವಾದವನ್ನು ಸಂಗೀತ ನಾಟಕದ ಚರಿತ್ರೆ ಬಲ್ಲವರಾರೂ ಮಾಡಲಾರರು. ಮರಾಠಿ ರಂಗಭೂಮಿಯ ಆರಂಭವೆಂದು ಅವರೇ ಹೇಳುವುದು 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ಸೀತಾಸ್ವಯಂವರವನ್ನು. ಅದಕ್ಕೆ ಪ್ರೇರಣೆ, ಅದಕ್ಕೂ ಮೊದಲು ಸಾಂಗ್ಲಿಗೆ ಹೋಗಿ ಆಟ ತೋರಿಸಿದ ಉತ್ತರ ಕನ್ನಡದ ಭಾಗವತರ ಮೇಳ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರ ಶಾಕುಂತಲ ರಂಗ ಏರಿತು. ಅವರ ನಾಟಕಗಳ ಪದಗಳಲ್ಲಿ ಕನ್ನಡದ ಧಾಟಿಗಳು ಸೇರಿಕೊಂಡಿದ್ದವು. ಆಮೇಲೆ ಅದೇ ನಾಟ್ಯಸಂಗೀತ ತಿರುಗಿ ನಮ್ಮ ಕಂಪನಿಗಳಿಗೆ ಬಂತು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದವರು. ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಜೊತೆಗೆ ಮರಾಠಿ ರಂಗದ ನಾಯಕಿಯಾದರು. ಗಡಿಯಿಂದಲೇ ಬೆಳೆದ ಕಲೆ ಇದು. ಆ ಗಡಿಯಲ್ಲೇ ಕುಳಿತವರಿಗೆ ಇದು ಒಗ್ಗುವುದಿಲ್ಲ ಎಂದರೆ ಏನರ್ಥ?

ಇಲ್ಲಿಯ ಕನ್ನಡ ಬಡವಾಗಿದೆ ಎಂದು ಮರುಗುವವರಿಗೂ ಒಂದು ಮಾತು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ಇಲ್ಲಿಯ ಮನೆಮನೆಗೂ ಗೊತ್ತು. 1999ರಲ್ಲಿ ಲಿಂಗೈಕ್ಯರಾದ ಆ ನೂರು ದಾಟಿದ ಜೀವದ ಹೆಸರನ್ನೇ ಬೀದರ್ ನಗರದ ರಂಗಮಂದಿರಕ್ಕೆ ಇಟ್ಟಿದ್ದಾರೆ. ಪಟ್ಟದ್ದೇವರ ಆ ಶಾಲೆಗೂ ಬರಲಾಗದವರು ಸಾವಿರಾರು ಮಂದಿ ಇದ್ದರು, ಅವರಲ್ಲಿ ಹೆಂಗಸರೇ ಹೆಚ್ಚು. ಅಕ್ಷರವಿಲ್ಲದ ಅವರಲ್ಲಿ ಕನ್ನಡ ಉಳಿದದ್ದು ಪದದಲ್ಲಿ, ವಚನದ ಹಾಡಿಕೆಯಲ್ಲಿ, ಆಟದಲ್ಲಿ. 1960ರಲ್ಲಿ, 1985ರಲ್ಲಿ, 2006ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕರೆದು ನಡೆಸಿದ ಊರು ಬೀದರ್. ಈ ಜನಕ್ಕೆ ಕನ್ನಡದ ಮೇಲೆ ಮನಸ್ಸಿಲ್ಲ ಎನ್ನುವುದು ಕೃತಘ್ನತೆ.

ಹಾಗಾದರೆ ಖಾಲಿ ಕುರ್ಚಿ? ಕುರ್ಚಿ ಖಾಲಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವ್ವನ ಪಕ್ಕದಲ್ಲಿ ಕುಳಿತು.

ನಮ್ಮ ಅವ್ವ ಔರಾದ್ ತಾಲೂಕಿನ ಹಳ್ಳಿಯವಳು. ಶಾಲೆಯಲ್ಲಿ ಓದಿದ ನಾಲ್ಕಕ್ಷರ ಮರಾಠಿ, ಮನೆಮಾತು ಕನ್ನಡ. ಭಾಲ್ಕಿಗೆ ಸೊಸೆಯಾಗಿ ಬಂದವಳು ಇಂದಿಗೂ ಅಲ್ಲೇ ಇದ್ದಾಳೆ. ಚಿಕ್ಕಂದಿನಲ್ಲಿ ಅವಳಪ್ಪ ಬಂಡಿ ಹೂಡಿ ಜಾತ್ರೆಯ ಆಟಕ್ಕೆ ಕರೆದೊಯ್ಯುತ್ತಿದ್ದ ನೆನಪು ಅವಳಿಗೆ ಅಚ್ಚೊತ್ತಿದಂತಿದೆ. ಕಥೆಗಳನ್ನು ಮರೆತಿದ್ದಾಳೆ, ಧಾಟಿಗಳನ್ನು ಮರೆತಿಲ್ಲ. ಬೀದರ್ ನಗರದ ಒಂದು ಸಭಾಂಗಣಕ್ಕೆ ಬಸವಣ್ಣನವರ ಕುರಿತ ಸಂಗೀತ ನಾಟಕ ಬರುತ್ತದೆಂದು ನಾನು ಫೋನು ಮಾಡಿದಾಗ, ಒಬ್ಬಳೇ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದಳು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜು ಇಲ್ಲ. ಆ ಒಂದು ಸೌಲಭ್ಯ ಎಷ್ಟು ಹೆಂಗಸರನ್ನು ನಲವತ್ತು ಕಿಲೋಮೀಟರು ದೂರದ ಸಭಾಂಗಣದವರೆಗೆ ತಂದಿತ್ತೆಂದು ಅಂದು ನೋಡಿದೆ. ಔರಾದ್ ಕಡೆಯವರೂ ಇದ್ದರು. ಆಮಂತ್ರಣದಲ್ಲಿ ಸಂಜೆ ಆರಕ್ಕೆ ಎಂದಿತ್ತು. ಆರೂವರೆಗೆ ಕೆಳಗಿನ ಕುರ್ಚಿಗಳೆಲ್ಲ ತುಂಬಿದ್ದವು. ತುಂಬಿದ್ದವು ಎಂಬ ಈ ಮಾತನ್ನು ಓದುವವರು ಗುರುತು ಹಾಕಿ ಇಟ್ಟುಕೊಳ್ಳಬೇಕು.

ಅತಿಥಿಗಳು ಬರುವುದು ತಡವಾಯಿತು. ಬಂದ ಮೇಲೆ ದೀಪ ಹಚ್ಚಿದರು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ಭಾಷಣ. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ, ಫಲಕ. ಆಮೇಲೆ ವೇದಿಕೆಯ ಮೇಲಿಲ್ಲದವರನ್ನೂ ಹೆಸರು ಕೂಗಿ ಕರೆದು ಸನ್ಮಾನ. ಅಧ್ಯಕ್ಷರ ಭಾಷಣ, ವಂದನೆ. ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡ ಕಲಾವಿದರು ಬೆವರುತ್ತ ನಿಂತಿದ್ದರು. ಭಾಷಣಗಳಲ್ಲಿ ರಂಗಭೂಮಿ ನಶಿಸುತ್ತಿದೆ, ಜನ ಪ್ರೋತ್ಸಾಹಿಸಬೇಕು ಎಂಬ ಮಾತು ಮೇಲಿಂದ ಮೇಲೆ ಬಂತು. "ಆಟ ಯಾವಾಗ ಸುರು ಆತದಪಾ? ಇವರಿಗಿ ಊರಿಗಿ ಹೋಗಬೇಕಲ್ಲ" ಎಂದು ಅವ್ವ ಓಣಿಯವರ ಕಡೆ ನೋಡುತ್ತ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಎಂಟು ಗಂಟೆ ದಾಟುವ ಹೊತ್ತಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಕೊನೆಯ ಬಸ್ಸು ತಪ್ಪಿದರೆ ಆ ರಾತ್ರಿ ಅವರಿಗೆ ಬೀದರಿನಲ್ಲಿ ತಂಗಲು ಜಾಗವಿಲ್ಲ. ಅವ್ವನ ಜೊತೆ ಬಂದವರೂ ಹೋದರು, ಒಂದೇ ಒಂದು ಹಾಡು ಕೇಳದೆ. ನಾಂದಿ ಪದಕ್ಕೆ ಪೇಟಿ ಶ್ರುತಿ ಹಿಡಿದಾಗ ಸಭಾಂಗಣ ಅರ್ಧ ಬರಿದಾಗಿತ್ತು. ಅತಿಥಿಗಳು ಆಗಲೇ ಕಾರು ಹತ್ತಿದ್ದರು.

ಅವ್ವ ನನ್ನ ಮನೆಯಲ್ಲಿ ಉಳಿಯುವವಳಾದ್ದರಿಂದ ಪೂರ್ತಿ ನೋಡಿದಳು. ಅವಳು ನೋಡಿದ ರೀತಿಯನ್ನು ಹೇಳಬೇಕು, ಏಕೆಂದರೆ ಅಭಿರುಚಿ ಇಲ್ಲ ಎನ್ನುವವರು ಇಂಥವರ ಪಕ್ಕ ಕುಳಿತಿರುವುದಿಲ್ಲ. ಮಾತು ಪುಸ್ತಕದ ಕನ್ನಡಕ್ಕೆ ಹೊರಳಿದಾಗ ಅವಳು ನನ್ನ ಮುಖ ನೋಡುತ್ತಿದ್ದಳು. ಹಾಡು ಬಂದಾಗ ನೋಡುತ್ತಿರಲಿಲ್ಲ. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಬ್ಬ ಗಾಯಕ ಮೇಲಿನ ಷಡ್ಜದಲ್ಲಿ ನಿಲ್ಲಲಾರದೆ ಜಾರಿದಾಗ "ಉಸಿರು ಸಾಲಲಿಲ್ಲ" ಎಂದಳು. ಅದೇ ಗಾಯಕ ಮುಂದೊಂದು ವಚನವನ್ನು ಭೈರವಿಯಲ್ಲಿ ಎತ್ತಿದಾಗ ಕಣ್ಣು ಮುಚ್ಚಿದಳು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಗುವ ಪ್ರವೇಶದಲ್ಲಿ ಸೋಬಾನೆಯ ಧಾಟಿ ಬಂತು. ಆ ಧಾಟಿ ಅವಳಿಗೆ ಗೊತ್ತಿದ್ದದ್ದು, ಎಷ್ಟೋ ಲಗ್ನಗಳಲ್ಲಿ ತಾನೇ ಹಾಡಿದ್ದು. ಮುಂದೆ ಆ ಲಗ್ನಕ್ಕೆ ಶಿಕ್ಷೆಯಾಗಿ ಬೀಗರಿಬ್ಬರನ್ನು ಸಾವಿಗೆ ಎಳೆದೊಯ್ಯುವಾಗ ಹಿಂದಿನಿಂದ ಅದೇ ಧಾಟಿ ನಿಧಾನವಾಗಿ ಮತ್ತೆ ಕೇಳಿತು, ಮಾತಿಲ್ಲದೆ, ಪೇಟಿಯಲ್ಲಿ ಮಾತ್ರ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ಲಗ್ನ, ಆ ಸಾವು ನಡೆದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅವಳು ಹತ್ತಾರು ಸಲ ಹೋಗಿ ಬಂದ ಊರು. ಆದರೆ ಮದುವೆಯ ಹಾಡೇ ಸಾವಿನ ಹಾಡಾಗುವ ಸಂಕಟ ಅವಳಿಗೆ ತಟ್ಟಿದ್ದು ಆ ರಾತ್ರಿ. ರಂಗದ ಮೇಲಿನ ಹಾಡಿಗಲ್ಲದೆ ಬೇರೆ ಯಾವುದಕ್ಕೂ ಇದನ್ನು ಮಾಡುವ ಶಕ್ತಿ ಇಲ್ಲ.

ಮಾರನೆಯ ದಿನ ಪರಿಚಯದ ಒಬ್ಬರು ಸಿಕ್ಕು, ನಾಟಕ ಭಾಳ ಛಲೋ ಇತ್ತು, ಆದರೆ ನೋಡಿ, ನಮ್ಮ ಜನಕ್ಕೆ ಬೇಕಾಗಿಲ್ಲ ಎಂದರು. ಅವರು ಕುರ್ಚಿ ಎಣಿಸಿದ್ದು ಒಂಬತ್ತು ಗಂಟೆಗೆ. ಆರೂವರೆಗೆ ಎಣಿಸಿದ್ದರೆ ಬೇರೆ ಲೆಕ್ಕ ಸಿಗುತ್ತಿತ್ತು.

ಹಿಂದಿನ ಆಟಗಳು ರಾತ್ರಿಯಿಡೀ ನಡೆಯುತ್ತಿದ್ದವು ಎಂದರೆ ನಗರದವರು ಅದನ್ನು ಹಳ್ಳಿಗರ ಮುಗ್ಧತೆಯೆಂದೋ ಬಿಡುವಿನ ಹೊತ್ತಿನ ಚಟವೆಂದೋ ತಿಳಿಯುತ್ತಾರೆ. ಅದರ ಹಿಂದೆ ಗಟ್ಟಿಯಾದ ವಿವೇಕ ಇತ್ತು. ಬಂಡಿ ಕಟ್ಟಿಕೊಂಡು, ನಡೆದುಕೊಂಡು ಬಂದವರು ನಡುರಾತ್ರಿ ವಾಪಸು ಹೋಗಲಾರರು. ಕತ್ತಲು, ಹಾವು ಚೇಳು, ಮೈಮೇಲಿನ ಬಂಗಾರ, ಜೊತೆಗೆ ಮಕ್ಕಳು. ಆದ್ದರಿಂದ ಆಟ ಬೆಳಕು ಹರಿಯುವವರೆಗೆ ನಡೆಯಬೇಕಿತ್ತು. ಬೆಳಗಾದ ಮೇಲೆ ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಿದ್ದರು. ಹಾಡುಗಳು ಬೆಳೆದದ್ದು, ಒನ್ಸ್ ಮೋರ್ ಕೊಟ್ಟು ಮತ್ತೆ ಹಾಡಿಸಿದ್ದು, ನಡುನಡುವೆ ಹಾಸ್ಯದ ಪ್ರವೇಶ ಬಂದದ್ದು ಎಲ್ಲವೂ ಆ ಉದ್ದಕ್ಕೆ ಹೊಂದಿಕೊಂಡೇ. ನೋಡುವವರು ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ ಎಂಬುದನ್ನು ಲೆಕ್ಕ ಹಾಕಿಯೇ ಆ ರಂಗಭೂಮಿ ಕಟ್ಟಿಕೊಂಡಿತ್ತು. ಇಂದಿನ ಎರಡೂವರೆ ಗಂಟೆಯ ನಾಟಕ ಭಾಷಣಗಳ ನಂತರ ಶುರುವಾಗಿ ರಾತ್ರಿ ಹತ್ತೂವರೆಗೆ ಮುಗಿಯುತ್ತದೆ. ಬಸ್ಸಿಲ್ಲದ, ಬೆಳಕೂ ಹರಿಯದ ಹೊತ್ತು ಅದು. ಕಾರು, ಬೈಕು ಇದ್ದವರಿಗೆ ಮಾತ್ರ ಅನುಕೂಲವಾದ ಹೊತ್ತಿನಲ್ಲಿ ನಾಟಕ ಮುಗಿಸಿ, ಬಡವರು, ಮುದುಕರು, ಹೆಂಗಸರು ಬರಲಿಲ್ಲವೆಂದು ಅವರ ಅಭಿರುಚಿಯನ್ನು ಜರಿಯುವುದು ಅನ್ಯಾಯ.

ಟಿವಿ, ಮೊಬೈಲು ನಾಟಕವನ್ನು ಕೊಂದವು ಎಂಬ ವಾದವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಪುಣೆ, ಮುಂಬಯಿಗಳಲ್ಲಿ ಟಿಕೆಟ್ ಕೊಂಡು ಮರಾಠಿ ನಾಟಕ ನೋಡುವವರ ಮನೆಗಳಲ್ಲೂ ಟಿವಿ ಇದೆ. ಕಂಪನಿ ನಾಟಕ ಸೊರಗಿದ ಕಥೆಯಲ್ಲಿ ಒಂದು ಭಾಗವನ್ನು ಮಾತ್ರ ಯಾರೂ ಎತ್ತಿ ಆಡುವುದಿಲ್ಲ. ಸಿನಿಮಾದ ಪೈಪೋಟಿಗೆ ಬಿದ್ದ ಹಲವು ಕಂಪನಿಗಳು ಹಾಡನ್ನು ಬಿಟ್ಟು ದ್ವಂದ್ವಾರ್ಥದ ಮಾತಿಗೆ ಇಳಿದವು. ಅಪ್ಪ ಮಗಳು ಒಟ್ಟಿಗೆ ಕೂತು ಕೇಳಲಾಗದ ಸಂಭಾಷಣೆ ರಂಗದ ಮೇಲೆ ಬಂದಾಗ ಹೆಂಗಸರು ಥಿಯೇಟರಿಗೆ ಬರುವುದನ್ನು ನಿಲ್ಲಿಸಿದರು. ಅವರು ನಾಟಕವನ್ನು ತೊರೆದದ್ದು ರುಚಿ ಕೆಟ್ಟದ್ದರಿಂದ ಎನ್ನುತ್ತೀರೋ, ರುಚಿ ಇದ್ದದ್ದರಿಂದ ಎನ್ನುತ್ತೀರೋ?

ಈ ಜನ ರೊಕ್ಕ ಕೊಡುವುದಿಲ್ಲ ಎಂಬುದೂ ನಿಜವಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಸಾಕಿ ಸಂಗೀತ ಕಲಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಪುಟ್ಟರಾಜರು ತಾವೇ ನಾಟಕ ಬರೆದರು, ಪಾತ್ರ ಮಾಡಿದರು. ಬರಗಾಲದ ಬಿಸಿಲು ನಾಡಿನ ರೈತರು ಟಿಕೆಟ್ಟಿಗೆ ಕೊಟ್ಟ ಹಣದಿಂದ ಮಕ್ಕಳು ಉಂಡರು, ಗಾಯಕರಾದರು. 103 ವರ್ಷ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿಕೊಂಡು ಬಸವೇಶ್ವರನ ಪಾತ್ರದಲ್ಲಿ ಊರೂರು ತಿರುಗಿದ್ದು ಯಾರ ಅನುದಾನದಿಂದ? ಗಲ್ಲಾಪೆಟ್ಟಿಗೆಯೇ ಅವರ ಅನುದಾನ. ಗಲ್ಲಾ ನಂಬಿದವರಿಗೆ ಪ್ರೇಕ್ಷಕನ ಅನುಕೂಲ ನೋಡದೆ ಗತಿ ಇರಲಿಲ್ಲ. ಇಂದು ಪ್ರವೇಶ ಉಚಿತ, ಖರ್ಚು ಯಾರದೋ, ಕಾರ್ಯಕ್ರಮ ನಡೆದದ್ದಕ್ಕೆ ಫೋಟೊ ಸಾಕು. ನೋಡುವವನ ಅಗತ್ಯವೇ ಇಲ್ಲದ ಏರ್ಪಾಡಿನಲ್ಲಿ ಅವನಿಗೆ ಜಾಗ ಸಿಗದಿರುವುದು ಸಹಜ. ಹತ್ತಿಪ್ಪತ್ತು ರೂಪಾಯಿಯಾದರೂ ಟಿಕೆಟ್ ಇಡಿ ಎಂದು ನಾನು ಹೇಳುವುದು ಅದಕ್ಕೇ. ರೊಕ್ಕ ಕೊಟ್ಟ ಹೆಣ್ಣುಮಗಳು ಎದ್ದು ನಿಂತು, ಆಟ ಸುರು ಮಾಡ್ರಿ ಎಂದು ಕೇಳಬಹುದು.

ಉಳಿದದ್ದು ಹಾಡಿನ ಮೇಲಿನ ತಾತ್ಸಾರ. ಹಾಡು ಹೆಚ್ಚಾದರೆ ನಾಟಕ ಹಗುರಾಗುತ್ತದೆ, ಓಟ ನಿಲ್ಲುತ್ತದೆ, ವಿಚಾರ ಮಂಕಾಗುತ್ತದೆ ಎಂದು ಓದಿಕೊಂಡವರು ಹೇಳುತ್ತಾರೆ. ಕನ್ನಡದ ಆಧುನಿಕ ರಂಗಭೂಮಿಗೆ ಹೊಸ ಕಿವಿ ಕೊಟ್ಟ ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಬೆಳೆದವರು. ದೆಹಲಿಯ ನಾಟಕ ಶಾಲೆಯನ್ನು ನಡೆಸಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಮೇಲೂ ಅವರು ಆ ಹಾಡನ್ನು ಬಿಡಲಿಲ್ಲ. ಶ್ರೀರಂಗರ ಸತ್ತವರ ನೆರಳು ನಾಟಕವನ್ನು ಅವರು ದಾಸರ ಪದಗಳ ಬಲದಿಂದ ಕಟ್ಟಿದರು. ಅದರ ವಿಡಂಬನೆಯ ಮೊನೆ ಹಾಡಿನಿಂದಲೇ ಹರಿತವಾಯಿತು. ಬೀದರಿನಂಥ ನಾಲ್ಕು ಭಾಷೆಯ ಜಿಲ್ಲೆಯಲ್ಲಿ ಹಾಡಿಗೆ ಇನ್ನೂ ಒಂದು ಕೆಲಸವಿದೆ. ಅವ್ವನಿಗೆ ಅರ್ಥವಾಗದ ಪುಸ್ತಕದ ಮಾತು ಔರಾದಿನ ಮರಾಠಿ ಮನೆಯವರಿಗೆ, ತಾಂಡಾದವರಿಗೆ, ಪೇಟೆಯ ದಖನಿ ಮಾತಿನವರಿಗೆ ಇನ್ನೂ ದೂರ. ಹಾಡು ಅವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಗಡಿಯಲ್ಲಿ ಕನ್ನಡ ಬೆಳೆಸಬೇಕೆಂದು ವರ್ಷವಿಡೀ ಠರಾವು ಪಾಸು ಮಾಡುವವರು ಹಾಡುಳ್ಳ ನಾಟಕವನ್ನು ಕೀಳೆಂದು ನೋಡಿದರೆ, ತಮ್ಮ ಕೈಯಲ್ಲಿರುವ ಅತ್ಯಂತ ಒಳ್ಳೆಯ ಸಾಧನವನ್ನೇ ಎಸೆದಂತೆ.

ಎಲ್ಲ ನಾಟಕವೂ ಬೀದರ್ ನಗರಕ್ಕೇ ಏಕೆ ಬಂದು ನಿಲ್ಲಬೇಕು? ಸಾಣೇಹಳ್ಳಿಯ ಶಿವಸಂಚಾರ 1997ರಿಂದ, ಹೆಗ್ಗೋಡಿನ ತಿರುಗಾಟ 1985ರಿಂದ ನಾಡೆಲ್ಲ ಸುತ್ತುತ್ತಿವೆ. ಊರಿಂದೂರಿಗೆ ನಾಟಕವನ್ನು ಒಯ್ಯುವುದು ಆಗದ ಕೆಲಸವಲ್ಲ ಎಂಬುದಕ್ಕೆ ಅವು ಸಾಕ್ಷಿ. ಬೀದರಿಗೆ ಬಂದ ತಂಡವನ್ನು ಮಾರನೆಯ ದಿನ ಭಾಲ್ಕಿಯಲ್ಲಿ, ಅದರ ಮಾರನೆಯ ದಿನ ಔರಾದಿನಲ್ಲಿ ಉಳಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಆರಕ್ಕೆ ಮುಗಿಸಿ. ಇಲ್ಲವಾದರೆ ಹಳೆಯ ಕ್ರಮದಲ್ಲೇ ಊಟವಾದ ಮೇಲೆ ಶುರು ಮಾಡಿ ಬೆಳಗಿನವರೆಗೆ ಆಡಿಸಿ. ಶಿವರಾತ್ರಿಗೆ ಹೇಗೂ ಊರೆಲ್ಲ ಎದ್ದೇ ಇರುತ್ತದೆ. ಬಸವಣ್ಣನ ಕಥೆಗೆ ಅದಕ್ಕಿಂತ ಒಳ್ಳೆಯ ರಾತ್ರಿ ಯಾವುದಿದೆ? ಸನ್ಮಾನ ಮಾಡಲೇಬೇಕೆಂದರೆ ನಾಟಕ ಮುಗಿದ ಮೇಲೆ ಮಾಡಿ, ಮೊದಲ ಶಾಲನ್ನು ಪೇಟಿ ಮಾಸ್ತರರಿಗೆ ಹೊದಿಸಿ. ಹ್ಯಾಂಡ್‌ಬಿಲ್ ಅಚ್ಚಿಗೆ ಕೊಡುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿ ಭಾಲ್ಕಿ, ಔರಾದಿನ ಕೊನೆಯ ಬಸ್ಸು ಎಷ್ಟಕ್ಕೆಂದು ಕೇಳಿ, ನಾಟಕ ಮುಗಿಯುವ ವೇಳೆಯನ್ನೂ ಅದರಲ್ಲಿ ಹಾಕಿಸಿ, ಹಾಕಿಸಿದ ವೇಳೆಗೆ ಮುಗಿಸಿ. ಇಷ್ಟು ಮಾಡಿದ ಮೇಲೂ ಕುರ್ಚಿ ಖಾಲಿ ಉಳಿದರೆ ಆಗ ಬಂದು ನಮ್ಮ ಅಭಿರುಚಿಯ ಮಾತಾಡಿ, ಕೇಳುತ್ತೇನೆ.